ಲಕ್ವಾ ಆದ ಮೇಲೆ ಕಾಲು ಬಂತು, ಕೈ ಬರುತ್ತಿಲ್ಲ. ಮನೆಯಲ್ಲಿ ಏನು ಮಾಡಬಹುದು?

ಕಾರಟಗಿ_ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮ ಅವ್ವನಿಗೆ ದೀಪಾವಳಿ ಮುಂದೆ ಲಕ್ವಾ ಹೊಡೆಯಿತು, ಬಲಗಡೆ. ಬಿಪಿ ಮೊದಲಿಂದಲೂ ಇತ್ತು. ಸ್ಕ್ಯಾನ್ ಮಾಡಿಸಿದಾಗ ಮೆದುಳಿನ ಎಡಭಾಗದಲ್ಲಿ ರಕ್ತನಾಳ ಕಟ್ಟಿಕೊಂಡಿದೆ ಅಂದರು. ಈಗ ಕೋಲು ಹಿಡಿದು ಅಂಗಳದಲ್ಲಿ ಓಡಾಡುತ್ತಾಳೆ. ಮಾತು ಸ್ವಲ್ಪ ತೊದಲುತ್ತದೆ, ಆದರೆ ಅರ್ಥ ಆಗುತ್ತದೆ. ಕೈ ಮಾತ್ರ ಹಾಗೇ ಉಳಿದಿದೆ. ಭುಜ ಸ್ವಲ್ಪ ಎತ್ತುತ್ತಾಳೆ, ಮೊಣಕೈ ಮಡಚುತ್ತಾಳೆ, ಬೆರಳುಗಳು ಮಾತ್ರ ಮುಷ್ಟಿ ಕಟ್ಟಿಕೊಂಡೇ ಇರುತ್ತವೆ. ಊಟ, ಜಡೆ, ಸೀರೆ ಎಲ್ಲಾ ನನ್ನ ಹೆಂಡತಿಯೇ ನೋಡಿಕೊಳ್ಳುತ್ತಾಳೆ.

ಒಬ್ಬರು ಆರು ತಿಂಗಳೊಳಗೆ ಬಂದರೆ ಬಂತು, ಆಮೇಲೆ ಏನೂ ಬರಲ್ಲ ಅಂದುಬಿಟ್ಟಿದ್ದಾರೆ. ಅದನ್ನು ಕೇಳಿದ ದಿನದಿಂದ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಹೈದರಾಬಾದಿನಲ್ಲಿ ಒಂದು ಕಡೆ ಕೈಗೆ ರೋಬೋಟ್ ಥೆರಪಿ ಕೊಡುತ್ತಾರಂತೆ. ಪ್ಯಾಕೇಜ್ ರೇಟು ಕೇಳಿದರೆ ಈ ಸಲದ ಭತ್ತದ ದುಡ್ಡು ಪೂರಾ ಅದಕ್ಕೇ ಹೋಗುತ್ತದೆ. ಕೈ ಬರುತ್ತದೆ ಅಂದರೆ ಕೊಡಲು ತಯಾರಿದ್ದೇನೆ, ಅದರಲ್ಲಿ ಎರಡು ಮಾತಿಲ್ಲ. ಅವ್ವ ಕೇಳುವುದು ಒಂದೇ: ನಾನು ಮತ್ತೆ ರೊಟ್ಟಿ ಬಡಿತೀನೋ ಇಲ್ಲೋ? ಗೊತ್ತಿದ್ದವರು ದಯವಿಟ್ಟು ಹೇಳಿ.

ಫಿಸಿಯೋ_ರಾಯಚೂರು

ರೋಬೋಟ್‌ಗೆ ದುಡ್ಡು ಕಟ್ಟುವ ಮೊದಲು ಸ್ವಲ್ಪ ತಡೆಯಿರಿ ಅಣ್ಣ. ಮೊದಲು ಇಷ್ಟು ನೋಡಿ ಹೇಳಿ. ಅವ್ವನ ಮುಂಗೈಯನ್ನು ಟೇಬಲ್ ಮೇಲಿಟ್ಟು, ಅಂಗೈ ಅಂಚಿನಿಂದ ಕೆಳಗೆ ಜೋಲುವ ಹಾಗೆ ಬಿಡಿ. ಅವ್ವ ತಾನೇ ಎತ್ತಲು ನೋಡಿದರೆ ಮಣಿಕಟ್ಟು ಸ್ವಲ್ಪವಾದರೂ ಮೇಲೆದ್ದು ಬರುತ್ತದಾ? ಮುಷ್ಟಿ ಕಟ್ಟಿದ ಮೇಲೆ ಹೆಬ್ಬೆರಳು ಮತ್ತು ಒಂದೆರಡು ಬೆರಳು ಕೂದಲೆಳೆಯಷ್ಟಾದರೂ ಬಿಡುತ್ತವಾ? ಭುಜದಲ್ಲಿ ನೋವು ಇದೆಯಾ? ಭುಜದ ತುದಿಯ ಕೆಳಗೆ ಬೆರಳು ಇಟ್ಟರೆ ಹಳ್ಳ ಸಿಗುತ್ತದಾ? ಬಿಸಿ, ತಣ್ಣಗೆ ಆ ಕೈಗೆ ಗೊತ್ತಾಗುತ್ತದಾ? ಈ ಉತ್ತರಗಳ ಮೇಲೆ ಎಲ್ಲಾ ನಿಂತಿದೆ.

ಆರು ತಿಂಗಳ ಮಾತಿಗೆ ಬರೋಣ. ಮೊದಲ ಕೆಲವು ತಿಂಗಳಲ್ಲಿ ಸುಧಾರಣೆ ಬೇಗ ಬೇಗ ಆಗುತ್ತದೆ, ಅದು ನಿಜ. ಆಮೇಲೆ ಬಾಗಿಲು ಮುಚ್ಚುತ್ತದೆ ಅನ್ನುವುದು ನಿಜ ಅಲ್ಲ. ಲಂಡನ್ನಿನ ಕ್ವೀನ್ ಸ್ಕ್ವೇರ್ ನರರೋಗ ಆಸ್ಪತ್ರೆಯಲ್ಲಿ ಕೈಗೆಂದೇ ಒಂದು ಕಾರ್ಯಕ್ರಮ ನಡೆಸುತ್ತಾರೆ, ಮೂರು ವಾರದಲ್ಲಿ ಸುಮಾರು 90 ತಾಸು ಅಭ್ಯಾಸ. ಅಲ್ಲಿಗೆ ಬಂದ 224 ಜನರ ಫಲಿತಾಂಶವನ್ನು 2019ರಲ್ಲಿ ಪ್ರಕಟಿಸಿದರು. ಅವರಲ್ಲಿ ಅರ್ಧದಷ್ಟು ಜನರಿಗೆ ಸ್ಟ್ರೋಕ್ ಆಗಿ ಒಂದೂವರೆ ವರ್ಷವೋ ಅದಕ್ಕಿಂತ ಜಾಸ್ತಿಯೋ ಆಗಿತ್ತು. ಆದರೂ ಕೈ ಸುಧಾರಿಸಿತು, ಕಾರ್ಯಕ್ರಮ ಮುಗಿದು ಆರು ತಿಂಗಳಾದರೂ ಆ ಸುಧಾರಣೆ ಉಳಿದಿತ್ತು. ಹಾಗಾಗಿ ನಿಮ್ಮ ಅವ್ವನಿಗೆ ಗಡುವು ಮುಗೀತು ಅಂತ ಯಾರೂ ಹೇಳಬಾರದು. ಆ ಮಾತು ಕೇಳಿದವರು ಪ್ರಯತ್ನ ಬಿಡುತ್ತಾರೆ, ಪ್ರಯತ್ನ ಬಿಟ್ಟರೆ ಕೈ ನಿಜವಾಗಿಯೂ ನಿಲ್ಲುತ್ತದೆ.

ಇನ್ನು ರೋಬೋಟ್. ಇಂಗ್ಲೆಂಡ್, ಸ್ಕಾಟ್ಲೆಂಡ್ ಕಡೆ 770 ಜನರ ಮೇಲೆ ದೊಡ್ಡ ಪರೀಕ್ಷೆ ನಡೆಯಿತು, 2019ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು, ಹೆಸರು ರಾಟಲ್ಸ್. ವಾರಕ್ಕೆ ಮೂರು ದಿನ, ದಿನಕ್ಕೆ 45 ನಿಮಿಷ, 12 ವಾರ. ಕೈಯಿಂದ ಮಾಡುವ ಕೆಲಸದಲ್ಲಿ ಮಾಮೂಲಿ ಚಿಕಿತ್ಸೆಗಿಂತ ಜಾಸ್ತಿ ಲಾಭ ಕಾಣಲಿಲ್ಲ. ರೋಬೋಟ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಒಂದು ಬೆಳೆಯ ದುಡ್ಡು ಸುರಿಯುವಂಥದ್ದು ಅದರಲ್ಲಿ ಇಲ್ಲ.

ಸಿಂಧನೂರು_ಕಾಕಾ

ತಮ್ಮಾ, ನಮ್ಮ ಕಡೆ ಲಕ್ವಾಕ್ಕೆ ಎಣ್ಣೆ ಕೊಡುವವರು ಇದ್ದಾರೆ. ನಮ್ಮ ಭಾವನಿಗೆ ಅಲ್ಲೇ ಕೈ ಬಂತು. ಆ ಎಣ್ಣೆ ಹಚ್ಚಿ, ಕೈ ಎಳೆದು, ನೀವಿ ಸರಿ ಮಾಡುತ್ತಾರೆ. ಪಥ್ಯ ಇರುತ್ತದೆ. ಇಂಗ್ಲಿಷ್ ಗುಳಿಗೆ ಮಾತ್ರ ಬಿಡಬೇಕು. ಒಂದು ಸಲ ತೋರಿಸಿ ನೋಡು, ಕಳೆದುಕೊಳ್ಳುವುದು ಏನಿದೆ?

ನರ್ಸ್_ಸಿರುಗುಪ್ಪ

ಕಾಕಾ, ನಿಮ್ಮ ಭಾವನವರ ಕೈ ಬಂದದ್ದು ಕೇಳಿ ಖುಷಿ ಆಯಿತು. ಆದರೆ ಗುಳಿಗೆ ಬಿಡಬೇಕು ಅನ್ನುವ ಮಾತನ್ನು ನಾನು ಸುಮ್ನೆ ಬಿಡಲಾರೆ. ಬಿಪಿ ಗುಳಿಗೆ, ರಕ್ತ ತೆಳುವಾಗಿಡುವ ಗುಳಿಗೆ ಕೊಡುವುದು ಎರಡನೇ ಸಲ ಹೊಡೆಯದಿರಲಿ ಅಂತ. ಪಥ್ಯ ಅಂತ ಗುಳಿಗೆ ನಿಲ್ಲಿಸಿ, ಮತ್ತೆ ಸ್ಟ್ರೆಚರ್ ಮೇಲೆ ಬಂದವರನ್ನು ವಾರ್ಡಿನಲ್ಲಿ ನೋಡಿದ್ದೇನೆ. ಎರಡನೇ ಸಲದ್ದು ಮೊದಲಿನದಕ್ಕಿಂತ ಜೋರಾಗಿರಬಹುದು.

ಇನ್ನೊಂದು ಮಾತು, ಇಲ್ಲಿ ಓದುವ ಎಲ್ಲರಿಗೂ. ಬಾಯಿ ಸೊಟ್ಟ ಆಯಿತು, ಕೈ ಬಿತ್ತು, ಮಾತು ತೊದಲಿತು ಅಂದರೆ ಎಣ್ಣೆ, ದೇವರು, ಜ್ಯೋತಿಷ್ಯ ಯಾವುದೂ ಬೇಡ, ನೇರ 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ನಾಲ್ಕೂವರೆ ತಾಸಿನ ಒಳಗೆ ಕೊಡಬೇಕು, ಅದಕ್ಕೂ ಮುಂಚೆ ಸಿಟಿ ಸ್ಕ್ಯಾನ್ ಆಗಬೇಕು. ಹಳ್ಳಿಯಿಂದ ಸ್ಕ್ಯಾನ್ ಇರುವ ಊರು ಮುಟ್ಟುವುದರಲ್ಲೇ ಹೊತ್ತು ಹೋಗುತ್ತದೆ.

ಫಿಸಿಯೋ_ರಾಯಚೂರು

ನರ್ಸ್ ಅಕ್ಕಾವ್ರು ಹೇಳಿದ್ದು ನೂರಕ್ಕೆ ನೂರು ಸರಿ. ಎಣ್ಣೆಯ ಬಗ್ಗೆ ನನ್ನದೂ ಒಂದು ಮಾತು ಕಾಕಾ. ಹಗುರವಾಗಿ ಎಣ್ಣೆ ಹಚ್ಚಿದರೆ ತೊಂದರೆ ಇಲ್ಲ, ಚರ್ಮಕ್ಕೆ ಹಿತ. ಎಳೆಯುವುದು ಬೇಡ. ಲಕ್ವಾ ಆದ ಕೈಯಲ್ಲಿ ಭುಜದ ಸ್ನಾಯು ಸಡಿಲ ಆಗಿರುತ್ತದೆ, ಕೈಯ ಭಾರಕ್ಕೇ ಕೀಲು ಕೆಳಗೆ ಜಾರುತ್ತದೆ. ಅಂಥ ಕೈಯನ್ನು ಹಿಡಿದು ಎಳೆದರೆ, ಕಂಕುಳಲ್ಲಿ ಕೈ ಹಾಕಿ ಎಬ್ಬಿಸಿದರೆ, ಭುಜ ನೋವು ಶುರು ಆಗುತ್ತದೆ. ಭುಜ ನೋವು ಬಂತು ಅಂದರೆ ಕೈಯ ಅಭ್ಯಾಸ ಅಲ್ಲಿಗೇ ನಿಂತಿತು. ಬಾಗಿಲಿಗೆ ರಾಟೆ ಕಟ್ಟಿ ಹಗ್ಗದಿಂದ ಕೈ ಮೇಲೆ ಎಳೆಸುತ್ತಾರಲ್ಲ, ಅದೂ ಬೇಡ. ಕೂತಾಗ ಮುಂಗೈ ಕೆಳಗೆ ದಿಂಬು ಇಡಿ. ರವಿಕೆ ತೊಡಿಸುವಾಗ ಬಲಹೀನ ಕೈ ಮೊದಲು, ತೆಗೆಯುವಾಗ ಅದು ಕೊನೆಗೆ.

ಕೌಲ್‌ಬಜಾರ್_ಅಕ್ಕ

ನಾನು ಬಳ್ಳಾರಿಯಿಂದ. ನಮ್ಮ ಯಜಮಾನರು ಜೀನ್ಸ್ ಹೊಲಿಯುವವರು. ಇಲ್ಲಿ ಪೀಸಿನ ಲೆಕ್ಕದಲ್ಲಿ ದುಡ್ಡು, ಕೂತಷ್ಟು ಹೊತ್ತೇ ಸಂಪಾದನೆ. ಅವರಿಗೆ ಎಡಗೈ ಹೋಯಿತು. ಬಲಗೈ ಇದೆಯಲ್ಲ, ಪುಣ್ಯ ಅಂತ ಎಲ್ಲರೂ ಹೇಳಿದರು. ಆದರೆ ಹೊಲಿಗೆಯಲ್ಲಿ ಎಡಗೈ ಏನು ಮಾಡುತ್ತದೆ ಅಂತ ಹೊಲಿಯುವವರಿಗೇ ಗೊತ್ತು. ದಪ್ಪ ಡೆನಿಮ್ ಬಟ್ಟೆ ಸೂಜಿಯ ಕೆಳಗೆ ನೇರ ಹೋಗಬೇಕು, ಎಡಗೈ ಅದನ್ನು ಹರವಿ ಒತ್ತಿ ಹಿಡಿದು ತಿರುಗಿಸುತ್ತಿರಬೇಕು. ಅದು ಇಲ್ಲದಿದ್ದರೆ ಬಲಗೈ ಎಷ್ಟು ಚುರುಕಾಗಿದ್ದರೂ ಹೊಲಿಗೆ ಸೊಟ್ಟ.

ಮೊದಲು ನಮಗೆ ಒಂದು ರಬ್ಬರ್ ಚೆಂಡು ಕೊಟ್ಟು ಒತ್ತುತ್ತಿರಿ ಅಂದರು. ಒತ್ತಿ ಒತ್ತಿ ಮುಷ್ಟಿ ಇನ್ನೂ ಬಿಗಿ ಆಯಿತು, ತೆರೆಯಲೇ ಇಲ್ಲ. ಆಮೇಲೆ ಬಂದ ಫಿಸಿಯೋ ಹುಡುಗಿ ಚೆಂಡು ತೆಗೆದು ಆ ಕಡೆ ಇಟ್ಟಳು. ನೀವು ಏನು ಕೆಲಸ ಮಾಡುತ್ತಿದ್ದಿರಿ ಅಂಕಲ್ ಅಂತ ಕೇಳಿದಳು. ಅಲ್ಲಿಯವರೆಗೂ ಅದನ್ನು ಕೇಳಿದವರೇ ಇರಲಿಲ್ಲ. ಟೇಬಲ್ ಮೇಲೆ ಹಳೇ ಜೀನ್ಸ್ ತುಂಡು ಹಾಸಿ, ಎಡ ಅಂಗೈ ಅದರ ಮೇಲೆ ಚಪ್ಪಟೆ ಇಡಿಸಿ, ಮುಂದೆ ತಳ್ಳಿ, ಹಿಂದೆ ತನ್ನಿ ಅಂದಳು. ಬೆರಳು ಮಡಚಿಕೊಂಡರೆ ಬಲಗೈಯಿಂದ ಬಿಡಿಸಿ ಮತ್ತೆ ಇಡುವುದು. ಮೊದಮೊದಲು ಬಟ್ಟೆ ಅಲುಗುತ್ತಲೇ ಇರಲಿಲ್ಲ, ಭುಜ ಎತ್ತಿ ಇಡೀ ಮೈ ವಾಲಿಸುತ್ತಿದ್ದರು. ಮೈ ವಾಲಿಸಬೇಡಿ ಅಂತ ಬೆನ್ನಿಗೆ ಕುರ್ಚಿ ಒತ್ತಿ ಕೂರಿಸುತ್ತಿದ್ದಳು. ಈಗ ಬಟ್ಟೆ ಹಿಡಿದು ತಳ್ಳುತ್ತಾರೆ. ಬೆರಳಲ್ಲಿ ದಾರ ಹಿಡಿಯಲು ಆಗಲ್ಲ, ಗುಂಡಿ ಹಾಕಲು ಆಗಲ್ಲ. ಆದರೆ ನೇರ ಹೊಲಿಗೆ ಹಾಕುತ್ತಾರೆ. ಮೊದಲಿನಷ್ಟು ಪೀಸ್ ಆಗುವುದಿಲ್ಲ, ಮನೆಗೆ ಒಂದಿಷ್ಟು ದುಡ್ಡು ಬರುತ್ತದೆ. ಮಷಿನ್ ಮುಂದೆ ಕೂತ ದಿನ ಅವರ ಮುಖವೇ ಬೇರೆ.

ಕೈಗಿಂತ ನನಗೆ ಭಯ ಆಗಿದ್ದು ಅವರ ಮನಸ್ಸಿನ ಬಗ್ಗೆ. ಚಹಾ ಚೆಲ್ಲುತ್ತದೆ ಅಂತ ಹೋಟೆಲಿಗೆ ಹೋಗುವುದು ಬಿಟ್ಟರು, ಗೆಳೆಯರು ಬಂದರೆ ಮಲಗಿದ ಹಾಗೆ ನಟಿಸುತ್ತಿದ್ದರು. ಒಗ್ಗರಣೆ ಮಿರ್ಚಿ ಅಂದರೆ ಪ್ರಾಣ ಬಿಡುತ್ತಿದ್ದ ಮನುಷ್ಯ, ಅದನ್ನೂ ಬೇಡ ಅಂದರು. ಇದು ಬೇಸರ ಅಲ್ಲ, ಕಾಯಿಲೆ ಅಂತ ಡಾಕ್ಟರ್ ಹೇಳಿದ ಮೇಲೆ ಗುಳಿಗೆ ಶುರು ಮಾಡಿದೆವು.

ನರ್ಸ್_ಸಿರುಗುಪ್ಪ

ಅಕ್ಕಾ, ನೀವು ಇದನ್ನು ಬರೆದಿದ್ದು ಬಹಳ ಒಳ್ಳೆಯದಾಯಿತು. ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಸೋಮಾರಿ ಆಗಿದ್ದಾರೆ, ಹಟ ಮಾಡುತ್ತಾರೆ ಅಂತ ಮನೆಯವರು ತಿಳಿದುಕೊಳ್ಳುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇರುತ್ತಾರೆ. ಅಲ್ಲಿಗೂ ಹೋಗಲು ಆಗದಿದ್ದರೆ ಟೆಲಿ ಮನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಇಲ್ಲ. ನೋಡಿಕೊಳ್ಳುವವರೂ ಫೋನ್ ಮಾಡಬಹುದು.

ಕೊಪ್ಪಳ_ಟೀಚರ್

ಇಲ್ಲಿಯವರೆಗೆ ನೋಡಿಕೊಳ್ಳುವವರು ಬರೆದಿದ್ದೀರಿ. ನಾನು ಲಕ್ವಾ ಆದವಳು, ಎಡಗೈಯಲ್ಲಿ ಟೈಪ್ ಮಾಡುತ್ತಿದ್ದೇನೆ. ಒಳಗಿನಿಂದ ಹೇಗಿರುತ್ತದೆ ಅಂತ ಹೇಳುತ್ತೇನೆ.

ಬಲಗೈ ನನ್ನದೇ ಅಂತ ಮರೆತುಹೋಗುತ್ತಿತ್ತು. ಗಾಲಿಕುರ್ಚಿಯಲ್ಲಿ ಕೂತರೆ ಅದು ಪಕ್ಕದಲ್ಲಿ ಜೋತಾಡುತ್ತಿತ್ತು, ಚಕ್ರದಲ್ಲಿ ಸಿಕ್ಕಿಕೊಂಡರೂ ನನಗೆ ಗೊತ್ತಾಗುತ್ತಿರಲಿಲ್ಲ. ಸುಸ್ತು ಬೇರೆ. ಬೆಳಿಗ್ಗೆ ಒಂದು ತಾಸು ಅಭ್ಯಾಸ ಮಾಡಿದರೆ ಹೊಲದಲ್ಲಿ ದಿನ ಪೂರ್ತಿ ದುಡಿದಷ್ಟು ದಣಿವು. ಇದು ನೆಪ ಅಲ್ಲ, ದಯವಿಟ್ಟು ನಂಬಿ. ಮೆದುಳಿಗೆ ಆದ ಪೆಟ್ಟಿನದೇ ಒಂದು ಲಕ್ಷಣ ಅದು. ಮಧ್ಯೆ ಮಲಗಿ ಎದ್ದು ಮತ್ತೆ ಮಾಡಬೇಕು, ಒಂದೇ ಏಟಿಗೆ ಅಲ್ಲ.

ಅದಕ್ಕಿಂತ ಕಷ್ಟ ಅಂದರೆ ಪ್ರೀತಿ. ನಾನು ಎಡಗೈಯಲ್ಲಿ ಅನ್ನ ಕಲಸಲು ಹೋದರೆ ಸೊಸೆ ಓಡಿ ಬಂದು ತುತ್ತು ಕೊಡುತ್ತಿದ್ದಳು. ಬಲಗೈಯಲ್ಲಿ ಲೋಟ ಮುಟ್ಟಲು ಹೋದರೆ ಬಿಡ್ರೀ ಅತ್ತಿ, ನಾ ಕೊಡ್ತೀನಿ ಅನ್ನುತ್ತಿದ್ದಳು. ಮನೆ ತುಂಬ ಜನ, ಎಲ್ಲರೂ ಒಳ್ಳೆಯವರು, ಕೈಗೆ ಕೆಲಸವೇ ಸಿಗುತ್ತಿರಲಿಲ್ಲ. ಕೊನೆಗೆ ನಾನೇ ಸಿಟ್ಟು ಮಾಡಿ, ನನ್ನ ತಟ್ಟೆ ನಾನು ತೊಳೆಯುತ್ತೇನೆ, ಎಷ್ಟು ಹೊತ್ತಾದರೂ ಸರಿ, ಯಾರೂ ಹತ್ತಿರ ಬರಬೇಡಿ ಅಂದೆ. ಕಾರಟಗಿ ತಮ್ಮಾ, ನಿನ್ನ ಹೆಂಡತಿ ಮಾಡುತ್ತಿರುವ ಸೇವೆ ದೊಡ್ಡದು. ಆದರೆ ಅವ್ವನಿಗೆ ಅರ್ಧ ಕೆಲಸ ಬಿಟ್ಟುಕೊಡಲು ಹೇಳು.

ಬೆರಳು ಏನೂ ಅಲುಗದ ದಿನಗಳಲ್ಲಿ ಕನ್ನಡಿ ಅಭ್ಯಾಸ ಮಾಡಿದೆ. ನಿಲುಗನ್ನಡಿಯನ್ನು ಟೇಬಲ್ ಮೇಲೆ ಎದೆಯ ನಡುವಿಗೆ ನೇರ, ಎರಡು ಕೈಗಳ ಮಧ್ಯೆ ಗೋಡೆಯ ಹಾಗೆ, ಮುಖ ಎಡಗೈ ಕಡೆ ಮಾಡಿ ನಿಲ್ಲಿಸಿ, ಬಲಗೈಯನ್ನು ಅದರ ಹಿಂದೆ ಮುಚ್ಚಿಟ್ಟು, ಎಡಗೈ ಆಡಿಸುತ್ತಾ ಕನ್ನಡಿಯನ್ನೇ ನೋಡುವುದು. ಬಲಗೈಯೇ ಆಡುತ್ತಿದೆ ಅಂತ ಕಣ್ಣು ಮೆದುಳಿಗೆ ಹೇಳುತ್ತದೆ. ಕೈ ಕಳೆದುಕೊಂಡವರ ನೋವಿಗೆ ನಮ್ಮ ತಮಿಳುನಾಡಿನಲ್ಲಿ ಹುಟ್ಟಿದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಇದನ್ನು ಮೊದಲು ಬಳಸಿದರು, 1999ರಿಂದ ಸ್ಟ್ರೋಕ್ ಆದವರಿಗೂ ಬಳಕೆಗೆ ಬಂತು. ಖರ್ಚು ಇಲ್ಲ.

ಮಾನ್ವಿ_ಮಗಳು

ಎಲ್ಲಾ ಓದಿದೆ, ಕಣ್ಣಲ್ಲಿ ನೀರು ಬಂತು. ಆದರೆ ನಮ್ಮಂಥವರ ಮನೆಯಲ್ಲಿ ಇದು ಹೇಗೆ ಸಾಧ್ಯ ಹೇಳಿ. ನಾನು, ಅವ್ವ ಇಬ್ಬರೂ ಹತ್ತಿ ಬಿಡಿಸಲು ಕೂಲಿಗೆ ಹೋಗುತ್ತೇವೆ. ಬೆಳಿಗ್ಗೆ ಹೋದರೆ ಹೊತ್ತು ಮುಳುಗುವಾಗ ಬರುವುದು. ಅಪ್ಪ ಒಬ್ಬನೇ ಕಟ್ಟೆ ಮೇಲೆ ಕೂತಿರುತ್ತಾನೆ. ರಾಯಚೂರಿಗೆ ಫಿಸಿಯೋಗೆ ಕರೆದೊಯ್ದರೆ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬೇರೆ. 90 ತಾಸು ಯಾರು ಪಕ್ಕದಲ್ಲಿ ಕೂರುತ್ತಾರೆ?

ವಿದ್ಯಾರ್ಥಿ_ಬಳ್ಳಾರಿ

ನಾನು ಬಳ್ಳಾರಿಯ ಮೆಡಿಕಲ್ ಕಾಲೇಜು ವಿಮ್ಸ್‌ನಲ್ಲಿ ಓದುತ್ತಿದ್ದೇನೆ. (ಹೆಸರು ಬದಲಾಗಿದೆ, ಬಾಯಲ್ಲಿ ಇನ್ನೂ ವಿಮ್ಸ್ ಅಂತಲೇ ಬರುತ್ತದೆ.) ಮಾನ್ವಿ ಅಕ್ಕನ ಪ್ರಶ್ನೆ ನಮ್ಮ ದೇಶದ್ದೇ ಪ್ರಶ್ನೆ. ಮನೆಯವರಿಗೇ ಕಲಿಸಿ ಅವರಿಂದಲೇ ಮಾಡಿಸಿದರೆ ಆಗುತ್ತದಾ ಅಂತ ಭಾರತದಲ್ಲೇ ಒಂದು ದೊಡ್ಡ ಪರೀಕ್ಷೆ ಮಾಡಿದರು, ಅಟೆಂಡ್ ಅಂತ ಹೆಸರು. 14 ಆಸ್ಪತ್ರೆ, 1250 ರೋಗಿಗಳು, 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಆರು ತಿಂಗಳ ನಂತರ ನೋಡಿದರೆ ಕಲಿಸಿದ ಗುಂಪಿನಲ್ಲೂ, ಮಾಮೂಲಿ ಗುಂಪಿನಲ್ಲೂ 47% ಜನ ತೀರಿಕೊಂಡಿದ್ದರು ಅಥವಾ ಬೇರೆಯವರ ಮೇಲೆ ಅವಲಂಬಿತರಾಗಿದ್ದರು. ವ್ಯತ್ಯಾಸವೇ ಇಲ್ಲ. ಹಾಗಿದ್ದಾಗ ಮನೆಯಲ್ಲೇ ಮಾಡಿ ಅನ್ನುವುದು ಸರಿಯಾ? ನನಗೆ ನಿಜವಾಗಿಯೂ ಗೊತ್ತಾಗಬೇಕಿದೆ.

ಫಿಸಿಯೋ_ರಾಯಚೂರು

ಒಳ್ಳೆಯ ಪ್ರಶ್ನೆ, ಸ್ವಲ್ಪ ಉದ್ದ ಬರೆಯುತ್ತೇನೆ.

ಅಟೆಂಡ್ ಅಳೆದದ್ದು ಸಾವು ಮತ್ತು ಅವಲಂಬನೆ, ಅಂದರೆ ಇಡೀ ಮನುಷ್ಯನ ಸ್ಥಿತಿ. ಕೈ ಒಂದನ್ನೇ ಗುರಿ ಇಟ್ಟು ಅಳೆದದ್ದಲ್ಲ. ಆದರೂ ಅದರ ಪಾಠ ನಮಗೆ ಬೇಕು: ಆಸ್ಪತ್ರೆಯಲ್ಲಿ ಒಂದಿಷ್ಟು ಕಲಿಸಿ, ಮನೆಗೆ ಹೋಗಿ ಮಾಡಿಕೊಳ್ಳಿ ಅಂತ ಕೈ ತೊಳೆದುಕೊಂಡರೆ ಸಾಲದು. ಇದನ್ನು ಕೆನಡಾದ ಗ್ರಾಸ್ಪ್ ಅನ್ನುವ ಕೈ ಅಭ್ಯಾಸದ ಕಾರ್ಯಕ್ರಮದ ಜೊತೆ ಇಟ್ಟು ನೋಡಿ. ಆಸ್ಪತ್ರೆಯಲ್ಲಿ ಇದ್ದಾಗಲೇ ರೋಗಿಗೆ ಕೈ ಅಭ್ಯಾಸದ ಪುಸ್ತಕ, ಸಾಮಾನು ಕೊಡುತ್ತಾರೆ. ದಿನಕ್ಕೆ ಒಂದು ತಾಸು, ವಾರಕ್ಕೆ ಆರು ದಿನ ರೋಗಿ ತಾನೇ ಮಾಡಬೇಕು, ಮನೆಯವರು ಜೊತೆಗಿರಬಹುದು. ಥೆರಪಿಸ್ಟ್ ಆಗಾಗ ನೋಡಿ ಮಟ್ಟ ಏರಿಸುತ್ತಾರೆ. 2009ರಲ್ಲಿ 103 ಜನರ ಮೇಲೆ ನಾಲ್ಕು ವಾರ ಪರೀಕ್ಷೆ ಮಾಡಿದಾಗ ಕೈ ಬಳಕೆ ನಿಜವಾಗಿ ಸುಧಾರಿಸಿತು. ನನ್ನ ಅಭಿಪ್ರಾಯದಲ್ಲಿ ಗುಟ್ಟು ಆ ಮಟ್ಟ ಏರಿಸುವುದರಲ್ಲಿದೆ. ನಿನ್ನೆ ಸುಲಭ ಆದದ್ದನ್ನೇ ಇವತ್ತೂ ಮಾಡಿದರೆ ಮೆದುಳು ಹೊಸದೇನೂ ಕಲಿಯುವುದಿಲ್ಲ.

ಇನ್ನೊಂದು, ಎಣಿಕೆ. 2009ರಲ್ಲೇ ಅಮೆರಿಕ, ಕೆನಡಾದ ಥೆರಪಿ ಕೋಣೆಗಳಲ್ಲಿ ಕೂತು ಎಣಿಸಿದರು. ಒಂದು ಸೆಷನ್‌ನಲ್ಲಿ ರೋಗಿ ಕೈಯಿಂದ ನಿಜವಾದ ಕೆಲಸದ ಚಲನೆ ಮಾಡಿದ್ದು ಸರಾಸರಿ 32 ಸಲ. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಮೆದುಳು ಬದಲಾಗಲು ದಿನಕ್ಕೆ ನೂರಾರು ಸಲ ಬೇಕಾಗುತ್ತದೆ. ವಾರಕ್ಕೆ ಎರಡು ಸಲ ನನ್ನ ಹತ್ತಿರ ಬಂದು ಕೈಗೆ ಕರೆಂಟ್ ಚಿಕಿತ್ಸೆ ಮಾಡಿಸಿಕೊಂಡು ಹೋದರೆ ಆ ಎಣಿಕೆ ಮುಟ್ಟುವುದೇ ಇಲ್ಲ. ಆ ನೂರಾರು ಸಲ ಮನೆಯಲ್ಲೇ ಆಗಬೇಕು, ದಾರಿ ತೋರಿಸುವವರು ಮಾತ್ರ ಆಗಾಗ ಸಿಗಬೇಕು. ಮಾನ್ವಿ ತಂಗೀ, ನೀನು ಪಕ್ಕದಲ್ಲಿ ಕೂರಬೇಕಿಲ್ಲ. ಅಪ್ಪನ ಮುಂದೆ ಒಂದು ತಟ್ಟೆಯಲ್ಲಿ ಶೇಂಗಾ ಕಾಯಿ ಹಾಕಿಟ್ಟು ಹೋಗು. ಬಲಹೀನ ಕೈಯಿಂದ ಒಂದೊಂದೇ ತೆಗೆದು ಇನ್ನೊಂದು ತಟ್ಟೆಗೆ. ಬೆರಳಿಂದ ಆಗದಿದ್ದರೆ ಅಂಗೈಯಿಂದ ಸರಿಸಲಿ. ಸುಲಭ ಆದ ಮೇಲೆ ಎರಡನೇ ತಟ್ಟೆ ಸ್ವಲ್ಪ ದೂರ, ಆಮೇಲೆ ಸ್ವಲ್ಪ ಎತ್ತರ. ಸಂಜೆ ಬಂದು ತಟ್ಟೆ ನೋಡಿದರೆ ಲೆಕ್ಕ ಸಿಗುತ್ತದೆ. ನನಗೆ ತಿಂಗಳಿಗೊಂದು ವಿಡಿಯೋ ತೋರಿಸಿದರೂ ಮುಂದೇನು ಅಂತ ಹೇಳಬಲ್ಲೆ.

ಮಾನ್ವಿ_ಮಗಳು

ಇದು ಆಗುತ್ತದೆ ಸರ್. ನಾಳೆಯಿಂದಲೇ ಇಡುತ್ತೇನೆ. ಶೇಂಗಾ ತಿಂದುಬಿಡುತ್ತಾನೆ, ಅದೂ ಒಳ್ಳೆಯದೇ ಅಲ್ವಾ?

ಫಿಸಿಯೋ_ರಾಯಚೂರು

ಆ ಕೈಯಿಂದಲೇ ತಿಂದರೆ ಇನ್ನೂ ಒಳ್ಳೆಯದು. ನುಂಗಲು ತೊಂದರೆ ಇಲ್ಲ ತಾನೇ? ಕೆಮ್ಮು ಬರುತ್ತಿದ್ದರೆ ಶೇಂಗಾ ಬೇಡ, ಗುಂಡಿ ಅಥವಾ ಬಾಟಲಿ ಮುಚ್ಚಳ ಇಡಿ.

ಕಾರಟಗಿ_ಹುಡುಗ

ಎಲ್ಲರಿಗೂ ಕೈ ಮುಗಿಯುತ್ತೇನೆ. ಕೇಳಿದ್ದನ್ನೆಲ್ಲಾ ನೋಡಿದೆ. ಮಣಿಕಟ್ಟು ಸ್ವಲ್ಪ ಏಳುತ್ತದೆ. ಹೆಬ್ಬೆರಳು, ತೋರುಬೆರಳು ಸ್ವಲ್ಪ ಬಿಡುತ್ತವೆ, ಕಿರುಬೆರಳು ಇಲ್ಲವೇ ಇಲ್ಲ. ಭುಜದಲ್ಲಿ ಹಳ್ಳ ಇಲ್ಲ, ಕೈ ಮೇಲೆತ್ತಿದರೆ ನೋವು ಅನ್ನುತ್ತಾಳೆ. ಬಿಸಿನೀರು ಆ ಕೈಗೆ ಹಾಕಿದರೆ ಬೆಚ್ಚಗಿದೆ ಅಂತಾಳೆ, ಎಡಗೈಗೆ ಅದೇ ನೀರು ಸುಡುತ್ತದೆ. ಒಳ್ಳೆಯ ಕೈ ಕಟ್ಟಿಹಾಕಿ ಬಲಹೀನ ಕೈಯಿಂದಲೇ ಮಾಡಿಸುವ ಚಿಕಿತ್ಸೆ ಇದೆ ಅಂತ ಎಲ್ಲೋ ಓದಿದೆ. ಅದು ಅವ್ವನಿಗೆ ಆಗುತ್ತದಾ? ಆಮೇಲೆ ಮುಷ್ಟಿಯ ಬಿಗಿತಕ್ಕೆ ಬೆರಳು ಬಿಡಿಸಿ ಹಿಡಿಯುವ ಪಟ್ಟಿ (ಸ್ಪ್ಲಿಂಟ್) ಕಟ್ಟಿಸಿ ಅಂದಿದ್ದಾರೆ. ಬೊಟಾಕ್ಸ್ ಇಂಜೆಕ್ಷನ್ ಅಂತಲೂ ಹೇಳುತ್ತಾರೆ.

ಫಿಸಿಯೋ_ರಾಯಚೂರು

ಎರಡು ಬೆರಳು ಬಿಡುತ್ತವೆ, ಮಣಿಕಟ್ಟು ಏಳುತ್ತದೆ ಅಂದರೆ ನಿಜವಾಗಿಯೂ ಒಳ್ಳೆಯ ಸುದ್ದಿ ಅಣ್ಣ. ಈ ಕೈಯಿಂದ ಕೆಲಸ ತೆಗೆಯಬಹುದು.

ಕೈ ಕಟ್ಟುವ ಚಿಕಿತ್ಸೆ ಅಮೆರಿಕದ ಎಡ್ವರ್ಡ್ ಟಾಬ್ ರೂಪಿಸಿದ್ದು. 2006ರಲ್ಲಿ 222 ಜನರ ಪರೀಕ್ಷೆ ಬಂತು, ಸ್ಟ್ರೋಕ್ ಆಗಿ ಮೂರರಿಂದ ಒಂಬತ್ತು ತಿಂಗಳಾದವರ ಮೇಲೆ. ಎರಡು ವಾರ, ಎಚ್ಚರ ಇರುವಷ್ಟು ಹೊತ್ತೂ ಒಳ್ಳೆಯ ಕೈಗೆ ಗವಸು, ದಿನಕ್ಕೆ ಆರು ತಾಸಿನವರೆಗೂ ಅಭ್ಯಾಸ. ಲಾಭ ಒಂದು ವರ್ಷದ ನಂತರವೂ ಕಂಡಿತು. ಬೆರಳು ಒಂದಿಷ್ಟಾದರೂ ತೆರೆಯುವವರಿಗೆ ಮಾತ್ರ ಇದು. ಪೂರ್ತಿ ಬಿಗಿ ಇರುವವರಿಗೆ ಕಟ್ಟಿದರೆ ಬರೀ ಸಿಟ್ಟು, ಅಳು. ನಿಮ್ಮ ಅವ್ವ ಕೋಲು ಹಿಡಿದು ನಡೆಯುವವರು, ಹಾಗಾಗಿ ನಡೆಯುವಾಗ ಗವಸು ಬೇಡವೇ ಬೇಡ, ಬಿದ್ದಾರು. ಕೂತಿರುವಾಗ ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ಎಡಗೈಗೆ ದಪ್ಪ ಕಾಲುಚೀಲ ಹಾಕಿ, ಅವರೇ ಒಪ್ಪಿದರೆ ಮಾತ್ರ.

ಪಟ್ಟಿಯ ಬಗ್ಗೆ ಹೇಳುವುದಾದರೆ, ರಾತ್ರಿ ಪೂರ್ತಿ ಕಟ್ಟಿ ಮಲಗಿಸಿದರೆ ಬಿಗಿತ ತಪ್ಪುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಬೊಟಾಕ್ಸ್ ಬಿಗಿತ ಇಳಿಸುತ್ತದೆ, ಸುಮಾರು ಮೂರು ತಿಂಗಳು ಇರುತ್ತದೆ. ಆ ಮೂರು ತಿಂಗಳು ಅಭ್ಯಾಸ ಮಾಡದಿದ್ದರೆ ದುಡ್ಡು ದಂಡ. ಅಂಗೈ ತೊಳೆಯಲೂ ಆಗದಷ್ಟು ಬಿಗಿ ಇದ್ದವರಿಗೆ ಅದರಿಂದ ದೊಡ್ಡ ಉಪಕಾರ. ಅವ್ವನಿಗೆ ಈಗಲೇ ಬೇಕು ಅಂತ ನನಗೆ ಅನ್ನಿಸುವುದಿಲ್ಲ, ನರರೋಗ ತಜ್ಞರಿಗೆ ಒಮ್ಮೆ ತೋರಿಸಿ. ಭುಜದ ನೋವು ಅವರಿಗೇ ಹೇಳಿ. ನೋವಿನ ಮೇಲೆ ಎತ್ತಿಸಬೇಡಿ.

ರೊಟ್ಟಿಗೆ ಬರುತ್ತೇನೆ. ಇವತ್ತೇ ಶುರು ಮಾಡಿ. ಬೆಂಕಿ ಇಲ್ಲ, ಹಂಚು ಇಲ್ಲ. ಆ ಕೈಗೆ ಬಿಸಿ ಸರಿಯಾಗಿ ಗೊತ್ತಾಗುತ್ತಿಲ್ಲ ಅಂದಿರಿ, ಸುಟ್ಟುಕೊಂಡರೂ ತಿಳಿಯುವುದಿಲ್ಲ. ಹಿಟ್ಟು ನಾದಿ ಪೂರ್ತಿ ಆರಿದ ಮೇಲೆ ಒಂದು ಉಂಡೆ ಪರಾತದಲ್ಲಿ ಇಟ್ಟು ಅವ್ವನ ಮುಂದೆ ಇಡಿ. ಬಡಿಯುವ ಕೆಲಸ ಮೊದಲು ಎಡಗೈಗೆ ಕೊಡಿ. ಬಲಗೈ ಅಂಚು ಹಿಡಿದು ರೊಟ್ಟಿ ತಿರುಗಿಸಲಿ. ತಿರುಗಿಸಲು ಬೆರಳು ಬಿಡಬೇಕು, ಹಿಡಿಯಬೇಕು, ಮತ್ತೆ ಬಿಡಬೇಕು, ನಮಗೆ ಬೇಕಾದದ್ದು ಅದೇ. ಒಂದು ರೊಟ್ಟಿಗೆ ಅದೆಷ್ಟು ಸಲ ತಿರುಗಿಸುತ್ತಾರೆ ಎಣಿಸಿ ನೋಡಿ. ಬಲಗೈಗೆ ರೂಢಿ ಆದ ಮೇಲೆ ಕೈ ಬದಲಿಸಿ. ರೊಟ್ಟಿ ಹರಿಯುತ್ತದೆ, ದಪ್ಪ ಆಗುತ್ತದೆ, ಆಗಲಿ. ಮೊದಲಿನ ಹಾಗೆ ತೆಳ್ಳಗೆ ಚಕಚಕ ಬಡಿಯುತ್ತಾರೆ ಅಂತ ನಾನು ಮಾತು ಕೊಡುವುದಿಲ್ಲ. ಆದರೆ ಮನೆಯ ರೊಟ್ಟಿಯಲ್ಲಿ ಅವರ ಕೈಯೂ ಇರುವ ಹಾಗೆ ಮಾಡಬಹುದು.

ಕಾರಟಗಿ_ಹುಡುಗ

ಹೈದರಾಬಾದ್ ಬಿಟ್ಟೆ ಸರ್. ಆ ದುಡ್ಡಲ್ಲಿ ವಾರಕ್ಕೊಮ್ಮೆ ಗಂಗಾವತಿಯಿಂದ ಫಿಸಿಯೋ ಮನೆಗೆ ಬರುವ ಹಾಗೆ ಮಾತಾಡುತ್ತೇನೆ. ಉಳಿದ ದಿನ ನಾವು. ಅವ್ವನಿಗೆ ಉಂಡೆ ವಿಷಯ ಓದಿ ಹೇಳಿದೆ. ಹಿಟ್ಟು ಎಲ್ಲಿಂದ ತಂದಿದ್ದು, ಹಳೇ ಜೋಳ ಬೇಡ, ಜಿಗಿ ಇರಲ್ಲ ಅಂದಳು.

ಕೌಲ್‌ಬಜಾರ್_ಅಕ್ಕ

ನಿಮ್ಮ ಅವ್ವ ಗಟ್ಟಿ ಇದ್ದಾರೆ ತಮ್ಮಾ. ಒಂದು ಕೇಳಬೇಕಿತ್ತು, ಅಂಗವಿಕಲ ಕಾರ್ಡ್ ಮಾಡಿಸಿದ್ದೀರಾ? ನಮಗೆ ಬಹಳ ತಡವಾಗಿ ಗೊತ್ತಾಯಿತು.

ನರ್ಸ್_ಸಿರುಗುಪ್ಪ

ಯುಡಿಐಡಿ ಕಾರ್ಡ್ ಅನ್ನಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ 40% ಅಥವಾ ಅದಕ್ಕಿಂತ ಜಾಸ್ತಿ ವೈಕಲ್ಯ ಇದ್ದರೆ ಸೌಲಭ್ಯಗಳು ಸಿಗುತ್ತವೆ, ಲಕ್ವಾದಿಂದ ಆದ ಕೈಕಾಲಿನ ತೊಂದರೆಯೂ ಅದರಲ್ಲಿ ಬರುತ್ತದೆ. ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು, ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರ್ ಪರೀಕ್ಷೆ ಮಾಡಿ ಎಷ್ಟು ಅಂತ ಬರೆಯುತ್ತಾರೆ. ಪಿಂಚಣಿ, ಬಸ್ ಪಾಸ್‌ಗೆ ಇದೇ ಕಾಗದ ಕೇಳುತ್ತಾರೆ. ಆಧಾರ್, ಫೋಟೋ, ಡಿಸ್ಚಾರ್ಜ್ ಸಾರಾಂಶ, ಸ್ಕ್ಯಾನ್ ರಿಪೋರ್ಟ್ ಒಂದೇ ಚೀಲದಲ್ಲಿ ಇಟ್ಟುಕೊಳ್ಳಿ. ಅವ್ವನನ್ನು ಕರೆದುಕೊಂಡೇ ಹೋಗಬೇಕು, ಪರೀಕ್ಷೆ ಮಾಡುವ ಡಾಕ್ಟರ್‌ಗಳ ಬೋರ್ಡ್ ಕೂರುವ ದಿನ ಯಾವುದು ಅಂತ ಮೊದಲೇ ಕೇಳಿ ಹೊರಡಿ.